ಅನಾಥಾಲಯದಲ್ಲಿ ಊಟ-ಬಟ್ಟೆಗೆ ಕೊರತೆ ಇಲ್ಲದಿದ್ದರೂ ಮಕ್ಕಳ ಬೆಳವಣಿಗೆ ಯಾಕೆ ಹಿಂದೆ ಬೀಳುತ್ತದೆ?

ಹೊಟ್ಟೆ ತುಂಬಿದರಷ್ಟೇ ಸಾಲದು, ಅತ್ತಾಗ ಓಗೊಡುವವರೂ ಬೇಕು. ಕೂಸು ‘ಊಂ’ ಅಂದರೆ ಮನೆಯಲ್ಲಿ ಯಾರಾದರೂ ತಿರುಗಿ ‘ಊಂ’ ಅನ್ನುತ್ತಾರೆ ಅಲ್ವಾ? ಮಿದುಳಿಗೆ ಅದೇ ಪಾಠ. ರೊಮೇನಿಯಾದ ಅನಾಥಾಲಯಗಳಲ್ಲಿ ಆಯಾಗಳು ಪಾಳಿಗೊಬ್ಬರಂತೆ ಬದಲಾಗುತ್ತಿದ್ದರು. ಒಬ್ಬರ ಪಾಲಿಗೆ ಹತ್ತಕ್ಕೂ ಜಾಸ್ತಿ ಮಕ್ಕಳು. ಯಾರೂ ಬರಲ್ಲ ಅಂತ ಗೊತ್ತಾಗಿ ಎಷ್ಟೋ ಕೂಸುಗಳು ಅಳುವುದನ್ನೇ ಬಿಟ್ಟಿದ್ದವು.

2000ರ ಸುಮಾರಿಗೆ ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ನಲ್ಲಿ ಮಕ್ಕಳ ಮಿದುಳಿನ ಬೆಳವಣಿಗೆಯ ಸಂಶೋಧಕ ಚಾರ್ಲ್ಸ್ ನೆಲ್ಸನ್ ಮತ್ತು ಜೊತೆಗಾರರು ಇಂಥ 136 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿ ಎತ್ತಿದ ಹಾಗೆ ಆರಿಸಿ ಸಾಕು ಕುಟುಂಬಗಳಿಗೆ ಕಳಿಸಿದರು. (ಉಳಿದವರನ್ನು ಅಲ್ಲೇ ಬಿಟ್ಟಿದ್ದು ಸರಿಯೇ ಎಂಬ ಚರ್ಚೆ ಬೇರೆಯೇ ಇದೆ.) ಕುಟುಂಬ ಸೇರಿದವರ ಐಕ್ಯೂ ಏರಿತು. ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಲಾಭ ಹೆಚ್ಚು. ಗಮನ ನಿಲ್ಲದ, ಸುಮ್ನೆ ಕೂರಲಾಗದ ತೊಂದರೆ ಮಾತ್ರ ಅಷ್ಟಾಗಿ ತಗ್ಗಲಿಲ್ಲ.