ಬಳ್ಳಾರಿಯಲ್ಲಿ ಹೊಸ ಕೆಲಸ, ಕೈಯಲ್ಲಿ ಆರು ಸಾವಿರ: ಯಾವ ಶೂ, ಯಾವ ಡ್ರೆಸ್?

ಸಿರುಗುಪ್ಪದಿಂದ ಬಳ್ಳಾರಿಗೆ ಕೆಲಸಕ್ಕೆ ಬರುತ್ತಿದ್ದೀರಿ, ಕಚೇರಿಯಲ್ಲಿ ಸಮವಸ್ತ್ರವಿಲ್ಲ, ‘ಸ್ಮಾರ್ಟ್ ಕ್ಯಾಶುಯಲ್’, ಅಂದರೆ ತೀರಾ ಔಪಚಾರಿಕವಲ್ಲದ ಆದರೆ ನೀಟಾದ ಉಡುಪು ಇದ್ದರೆ ಸಾಕೆಂದು ಹೇಳಿದ್ದಾರೆ, ಆರು ಸಾವಿರ ರೂಪಾಯಿಯೊಳಗೆ ಶೂ ಮತ್ತು ಡ್ರೆಸ್ ಎರಡೂ ಆಗಬೇಕು, ಆನ್‌ಲೈನಿನಲ್ಲಿ ತರಿಸಿಕೊಳ್ಳಲೇ ಅಂಗಡಿಗೆ ಹೋಗಲೇ ಎಂದು ಕೇಳಿದ್ದೀರಿ. ನಾನು ಇಲ್ಲಿನ ಒಂದು ಜೀನ್ಸ್ ಘಟಕದಲ್ಲಿ ಒಂಬತ್ತು ವರ್ಷ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತು ಹೊಲಿಗೆ ನೋಡಿದವಳು. ಈಗ ಬೇರೊಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತೇನೆ, ದಿನಾ ಸಿಟಿ ಬಸ್ಸಿನಲ್ಲಿ ಓಡಾಡುತ್ತೇನೆ. ಆದ್ದರಿಂದ ಬಟ್ಟೆಯ ವಿಷಯವನ್ನು ತಿಳಿದು ಹೇಳುತ್ತೇನೆ, ಶೂ ವಿಷಯವನ್ನು ಪೆಟ್ಟು ತಿಂದು ಹೇಳುತ್ತೇನೆ.

ಮೊದಲು ಕಾಲಿಗೆ ದುಡ್ಡು ಹಾಕಿ. ನಮ್ಮಲ್ಲಿ ಬಹಳ ಮಂದಿ ಕಣ್ಣಿಗೆ ಹಿಡಿಸಿದ ಡ್ರೆಸ್ ಕೊಂಡು, ಆಮೇಲೆ ಅದಕ್ಕೆ ಹೊಂದುವ ಚಪ್ಪಲಿ ಹುಡುಕುತ್ತಾರೆ. ಹಾಗೆ ಮಾಡಿದರೆ ಪ್ರತಿ ಡ್ರೆಸ್ಸಿಗೊಂದು ಅಗ್ಗದ ಜೋಡಿ ಸೇರಿ, ನಡೆಯಲು ಒಂದೂ ಉಳಿಯುವುದಿಲ್ಲ. ಡ್ರೆಸ್ಸನ್ನು ವಾರಕ್ಕೆ ಒಂದೋ ಎರಡೋ ಬಾರಿ ತೊಡುತ್ತೀರಿ, ಶೂವನ್ನು ವಾರಕ್ಕೆ ಆರು ದಿನ ಮೆಟ್ಟುತ್ತೀರಿ.

ನನ್ನ ಪೆಟ್ಟಿನ ಕತೆ ಹೇಳಿಬಿಡುತ್ತೇನೆ. ಕೆಲಸ ಬದಲಾಯಿಸಿದ ಹೊಸದರಲ್ಲಿ ಒಂದು ಅಂಗಡಿಯಲ್ಲಿ ಐನೂರು ರೂಪಾಯಿಗೆ ಚಂದದ ಕಪ್ಪು ಬೆಲ್ಲಿ ಶೂ ಕೊಂಡಿದ್ದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಬಸ್ ನಿಲ್ದಾಣದ ಕಾಂಕ್ರೀಟಿನ ಮೇಲೆ ನಿಂತಿದ್ದಾಗ ಬಲಗಾಲಿನ ಸೋಲ್ ಮುಂದಿನಿಂದ ಬಾಯಿ ಬಿಟ್ಟಿತು. ಒಳಗೆ ಹಳದಿ ಗೋಂದು ಎಳೆ ಎಳೆಯಾಗಿ ಜಗ್ಗುತ್ತಿತ್ತು. ಬಳ್ಳಾರಿಯ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ, ನೆಲ ಅದಕ್ಕಿಂತಲೂ ಕಾದಿರುತ್ತದೆ, ಬರೀ ಗೋಂದಿನ ಮೇಲೆ ನಿಂತ ಅಗ್ಗದ ಸೋಲ್ ಅದನ್ನು ತಡೆಯುವುದಿಲ್ಲ. ಕಾಲು ಎಳೆಯುತ್ತ ಮೋಚಿಯ ಹತ್ತಿರ ಹೋದರೆ ಆತ ಶೂವನ್ನು ತಿರುಗಿಸಿ ನೋಡಿ, ಇದಕ್ಕೆ ಸೂಜಿ ಹಾಕಲು ಅಂಚೇ ಇಲ್ಲವಲ್ಲಮ್ಮ ಎಂದ. ಅಂದಿನಿಂದ ನಾನು ಶೂ ಕೈಗೆತ್ತಿಕೊಂಡರೆ ಮೊದಲು ನೋಡುವುದು ಸೋಲಿನ ಅಂಚಿನಲ್ಲಿ ಸುತ್ತಲೂ ಹೊಲಿಗೆ ಇದೆಯೇ, ಅದು ನಿಜವಾದ ದಾರವೇ ಅಥವಾ ರಬ್ಬರಿನಲ್ಲಿ ಅಚ್ಚೊತ್ತಿದ ಹೊಲಿಗೆಯ ಚಿತ್ರವೇ ಎಂಬುದನ್ನು. ಉಗುರಿನಿಂದ ಒಮ್ಮೆ ಗೀರಿದರೆ ಗೊತ್ತಾಗುತ್ತದೆ.

ಎರಡನೆಯದಾಗಿ ಶೂವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳುಗಳ ಬುಡದ ಹತ್ತಿರ, ಅಂದರೆ ನಡೆಯುವಾಗ ಪಾದ ಬಾಗುವ ಜಾಗದಲ್ಲಿ ಬಾಗಬೇಕು; ನಡುವೆ ಚಪಾತಿಯಂತೆ ಮಡಚಿಕೊಂಡರೆ ಸಂಜೆಗೆ ಅಂಗಾಲು ನೋಯುತ್ತದೆ. ಹಿಮ್ಮಡಿ ಎರಡರಿಂದ ಮೂರು ಸೆಂಟಿಮೀಟರ್ ಇದ್ದರೆ ಸಾಕು. ಮೇಲ್ಭಾಗ ಯಾವುದರದ್ದು ಎಂಬುದಕ್ಕೆ ಕೆಲವು ಶೂಗಳ ಒಳಗೆ ಚಿಕ್ಕ ಗುರುತುಗಳಿರುತ್ತವೆ: ಹರಡಿದ ತೊಗಲಿನ ಆಕಾರವಿದ್ದರೆ ಚರ್ಮ, ನೇಯ್ಗೆಯ ಜಾಳಿಗೆಯಿದ್ದರೆ ಬಟ್ಟೆ, ಬರೀ ವಜ್ರಾಕಾರವಿದ್ದರೆ ರೆಕ್ಸಿನ್ನಿನಂಥ ಇತರ ವಸ್ತು. ನಮ್ಮ ಬಿಸಿಲಿನಲ್ಲಿ ರೆಕ್ಸಿನ್ ಒಳಗೆ ಕಾಲು ಬೇಯುತ್ತದೆ. ಪಿಯು, ಅಂದರೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಸೋಲ್ ಹಗುರವಾಗಿ ಹಿತವಾಗಿರುತ್ತದೆ, ಆದರೆ ಅದನ್ನು ‘ಹಬ್ಬಕ್ಕಿರಲಿ’ ಎಂದು ಡಬ್ಬಿಯಲ್ಲಿ ವರ್ಷಗಟ್ಟಲೆ ಇಡಬೇಡಿ. ಗಾಳಿಯ ತೇವದಿಂದ ಅದು ಒಳಗೊಳಗೇ ಕೆಟ್ಟು, ಒಂದು ದಿನ ಮೆಟ್ಟಿದಾಗ ಹಳೆಯ ಬೆಲ್ಲದ ಹಾಗೆ ಪುಡಿಯಾಗಿ ಉದುರುತ್ತದೆ. ದಿನಾ ನಡೆಯುವವರಿಗೆ ರಬ್ಬರ್ ಅಥವಾ ಟಿಪಿಆರ್ (ರಬ್ಬರಿನಂಥದ್ದೇ ಒಂದು ಪ್ಲಾಸ್ಟಿಕ್) ಸೋಲ್ ವಾಸಿ.

ಬಣ್ಣದ ಬಗ್ಗೆ ನನ್ನದು ಖಡಾಖಂಡಿತ ಅಭಿಪ್ರಾಯ: ಬಿಳಿ ಶೂ ಬೇಡ. ಫೋಟೊದಲ್ಲಿ ಬಿಳಿ ಸ್ನೀಕರ್ ಎಲ್ಲ ಡ್ರೆಸ್ಸಿಗೂ ಒಪ್ಪುತ್ತದೆ, ಆದರೆ ಅದಿರಿನ ಸೀಮೆಯ ಕೆಂಧೂಳು ಅದರ ಹೊಲಿಗೆಯ ಸಂದಿಯಲ್ಲಿ ಕೂತರೆ ಬ್ರಷ್ಷಿಗೂ ಬಿಡುವುದಿಲ್ಲ. ಕಪ್ಪಿನ ಮೇಲೂ ಧೂಳು ಎದ್ದು ಕಾಣುತ್ತದೆ. ಕಂದು ಬಣ್ಣದ, ನಯವಾದ ಚರ್ಮದ ಲೋಫರ್, ಅಂದರೆ ಲೇಸಿಲ್ಲದೆ ಕಾಲು ತೂರಿಸುವ ಶೂ, ಒಂದು ಜೋಡಿ ತೆಗೆದುಕೊಳ್ಳಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು, ಕಚೇರಿಗೂ ಆಗುತ್ತದೆ, ಭಾನುವಾರ ಗೆಳತಿಯರ ಜೊತೆ ಹೋಗಲೂ ಆಗುತ್ತದೆ. ಜೊತೆಗೆ ಹಿಂದೆ ಪಟ್ಟಿಯಿರುವ, ಅದೇ ಬಣ್ಣದ ಒಂದು ಸ್ಯಾಂಡಲ್ ಇರಲಿ. ಒಂದೇ ಜೋಡಿಯನ್ನು ಎಡೆಬಿಡದೆ ಮೆಟ್ಟಿದರೆ ಒಳಗಿನ ಬೆವರು ಆರುವುದಿಲ್ಲ, ನಾತ ಹಿಡಿಯುತ್ತದೆ.

ಇನ್ನು ಬಟ್ಟೆ. ನೀವು ಡ್ರೆಸ್ ಎಂದರೆ ಮಂಡಿ ಮಾತ್ರ ಮುಚ್ಚುವ ಉಡುಪೇ ಎಂದು ಅನುಮಾನಪಟ್ಟಿದ್ದೀರಿ. ಬಸ್ ಹತ್ತಿ ಇಳಿಯುವವರಿಗೆ ಮೊಣಕಾಲಿಗಿಂತ ಒಂದು ಗೇಣು ಕೆಳಗಿರುವ, ಮುಕ್ಕಾಲು ತೋಳಿನ, ಕೆಳಗೆ ತುಸು ಅಗಲವಾದ ಎ-ಲೈನ್ ಡ್ರೆಸ್ ಸರಿ. ಅದನ್ನೇ ಲೆಗ್ಗಿಂಗ್ ಮೇಲೆ ತೊಟ್ಟರೆ ಊರಿಗೆ ಹೋದಾಗ ಅಜ್ಜಿಯೂ ಏನೂ ಅನ್ನುವುದಿಲ್ಲ. ಹತ್ತಿಯ ನೂಲು ಸಾಮಾನ್ಯ ಹವೆಯಲ್ಲೇ ತನ್ನ ತೂಕದ ಸುಮಾರು ಶೇ 8ರಷ್ಟು ತೇವ ಹಿಡಿದುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ 1ರಷ್ಟೂ ಹಿಡಿಯುವುದಿಲ್ಲ. ಅದಕ್ಕೇ ಪಾಲಿಯೆಸ್ಟರ್ ಡ್ರೆಸ್ ಮಧ್ಯಾಹ್ನದ ಹೊತ್ತಿಗೆ ಬೆನ್ನಿಗೆ ಅಂಟುತ್ತದೆ. ರೇಯಾನ್ ಮೆತ್ತಗೆ ಇಳಿಬಿದ್ದು ಚಂದ ಕಾಣುತ್ತದೆ, ಆದರೆ ಒದ್ದೆಯಾದಾಗ ಅದರ ಬಲ ಬಹಳ ಕುಗ್ಗುವುದರಿಂದ ಬಂಡೆಗೆ ಬಡಿದು ಒಗೆಯುವಂತಿಲ್ಲ.

ನನ್ನ ಸಲಹೆಯೆಂದರೆ ಎರಡು ಡ್ರೆಸ್ಸುಗಳನ್ನು ಬಟ್ಟೆ ಕೊಂಡು ಹೊಲಿಸಿ. ನಲವತ್ನಾಲ್ಕು ಇಂಚು ಪನ್ನದ ಹತ್ತಿ ಬಟ್ಟೆ ಎರಡೂವರೆ ಮೀಟರ್ ಹೆಚ್ಚುಕಡಿಮೆ ಸಾಕಾಗುತ್ತದೆ. ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ ಆಮೇಲೆ ಟೈಲರಿಗೆ ಕೊಡಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಡ್ರೆಸ್ ಗಿಡ್ಡವಾಗುತ್ತದೆ. ಬಲಗಡೆ ಆಳವಾದ ಜೇಬು ಇಡಲು ಹೇಳಿ. ಮೊಬೈಲು, ಬಸ್ಸಿನ ಚಿಲ್ಲರೆ ಅಲ್ಲೇ ಇರುತ್ತವೆ. ಪಕ್ಕದ ಹೊಲಿಗೆಯೊಳಗೆ ಒಂದು ಇಂಚು ಬಟ್ಟೆ ಬಿಡಿಸಿಕೊಂಡರೆ ದಪ್ಪಗಾದಾಗ ಬಿಚ್ಚಿಕೊಳ್ಳಬಹುದು. ಸಿದ್ಧ ಉಡುಪಿನಲ್ಲಿ ಈ ಒಂದು ಇಂಚು ಎಂದೂ ಸಿಗದು, ಏಕೆಂದರೆ ಸಾವಿರಾರು ತುಂಡು ಕತ್ತರಿಸುವಾಗ ಅರ್ಧ ಇಂಚು ಉಳಿಸಿದರೂ ಅದು ಲಾಭದ ಲೆಕ್ಕಕ್ಕೆ ಸೇರುತ್ತದೆ.

ಮೂರನೆಯದು ಡೆನಿಮ್ ಇರಲಿ, ಬಳ್ಳಾರಿಗೆ ಬಂದು ಅದನ್ನು ಬಿಡುವುದುಂಟೇ? ಪ್ಯಾಂಟಿಗೆ ಹಾಕುವ, ಚದರ ಗಜಕ್ಕೆ ಹನ್ನೆರಡು ಔನ್ಸ್ ತೂಗುವ ದಪ್ಪ ಬಟ್ಟೆ ಡ್ರೆಸ್ಸಿಗೆ ಬೇಡ. ಆರು ಔನ್ಸಿನ ಆಸುಪಾಸಿನ ತೆಳು ಡೆನಿಮ್ಮಿನ, ಮುಂದೆ ಗುಂಡಿಯಿರುವ ಶರ್ಟ್ ಡ್ರೆಸ್ ಕೇಳಿ. ಅಂಗಡಿಯಲ್ಲೇ ಒದ್ದೆ ಬಿಳಿ ಕರವಸ್ತ್ರದಿಂದ ಒಳಗಿನ ಅಂಚನ್ನು ಹತ್ತು ಸಲ ಉಜ್ಜಿ ನೋಡಿ. ನೀಲಿ ಬಣ್ಣ ನೂಲಿನ ಮೇಲ್ಮೈಗಷ್ಟೇ ಹತ್ತಿ, ತಿರುಳಿಗೆ ಇಳಿಯದೆ ಇರುವುದರಿಂದ ಸ್ವಲ್ಪ ಬಿಡುವುದು ಸಹಜ, ಆದರೆ ಕರವಸ್ತ್ರ ನೀಲಿಯಾಗಿಬಿಟ್ಟರೆ ಘಟಕದಲ್ಲಿ ಮಾಡುವ ವಾಷಿಂಗ್ ಸರಿಯಾಗಿಲ್ಲವೆಂದು ಅರ್ಥ. ಅಂಥದ್ದು ನಿಮ್ಮ ಕೈಚೀಲವನ್ನೂ ಕುರ್ಚಿಯನ್ನೂ ನೀಲಿ ಮಾಡುತ್ತದೆ. ಬಳಿಕ ಒಳಗನ್ನು ಹೊರಗೆ ಮಾಡಿ ಜೇಬಿನ ಮೂಲೆ ನೋಡಿ: ಅಲ್ಲಿ ಒತ್ತೊತ್ತಾಗಿ ಹಾಕಿದ ಚಿಕ್ಕ ಅಡ್ಡ ಹೊಲಿಗೆ, ನಾವು ಬಾರ್‌ಟ್ಯಾಕ್ ಎನ್ನುವುದು, ಇರಬೇಕು. ಅದಿಲ್ಲದ ಮಾಲನ್ನು ನಾನು ಟೇಬಲ್ಲಿನಿಂದಲೇ ವಾಪಸ್ ಎಸೆಯುತ್ತಿದ್ದೆ.

ನನ್ನ ಅಂದಾಜಿನಲ್ಲಿ ಲೋಫರಿಗೆ 1,800, ಸ್ಯಾಂಡಲ್ಲಿಗೆ 900, ಹೊಲಿಸಿದ ಎರಡು ಡ್ರೆಸ್ಸಿಗೆ ಕೂಲಿ ಸೇರಿ 1,700, ಡೆನಿಮ್ಮಿಗೆ 900 ಇಟ್ಟುಕೊಂಡರೆ 5,300 ಆಗುತ್ತದೆ. ಉಳಿದ ಏಳುನೂರು ಪಾಲಿಶ್, ಸಾಕ್ಸ್, ಮೋಚಿಯ ಕೂಲಿಗೆ. ಅಂಗಡಿಯವನು ಇನ್ನೊಂದಿಷ್ಟು ಹಾಕಿ ‘ಬ್ರ್ಯಾಂಡ್’ ತೆಗೆದುಕೊಳ್ಳಿ ಎಂದರೆ ಒಂದು ಲೆಕ್ಕ ನೆನಪಿರಲಿ: 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿಯವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ 5, ಅದನ್ನು ದಾಟಿದರೆ ಶೇ 18, ಸಿದ್ಧ ಉಡುಪಿಗೂ ಇದೇ ಗೆರೆ.

ಆನ್‌ಲೈನ್ ವಿಷಯಕ್ಕೆ ಬಂದರೆ, ಡ್ರೆಸ್ ತರಿಸಬಹುದು, ಮೊದಲ ಶೂ ತರಿಸಬೇಡಿ. ಗಂಡಸರ ಶೂಗಳ ಮೇಲಿನ 6, 7 ಎಂಬ ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರಿಗೆ ಸುಮಾರು ಎಂಟೂವರೆ ಮಿಲಿಮೀಟರ್ ವ್ಯತ್ಯಾಸ, ಹೆಂಗಸರ ಶೂಗಳಲ್ಲಿ ಹೆಚ್ಚಾಗಿ ಕಾಣುವ 37, 38ರ ಯುರೋಪಿನ ಅಳತೆಯಲ್ಲಿ ಆರೂ ಮುಕ್ಕಾಲಿನಷ್ಟು. ಒಂದನ್ನು ಇನ್ನೊಂದಕ್ಕೆ ತಿರುಗಿಸುವಾಗಲೇ ಬೆರಳು ಒತ್ತುವಷ್ಟು ತಪ್ಪಾಗುತ್ತದೆ. ದಿನವಿಡೀ ನಡೆದು ಪಾದ ಉಬ್ಬಿರುವ ಸಂಜೆ ಹೊತ್ತಿನಲ್ಲಿ ಬೆಂಗಳೂರು ರಸ್ತೆಯ ಅಂಗಡಿಗಳಿಗೆ ಹೋಗಿ, ಎರಡೂ ಕಾಲಿಗೆ ಮೆಟ್ಟಿ, ಹಾಸಿದ ಚಾಪೆಯಿಂದ ಇಳಿದು ಬರಿ ಕಲ್ಲಿನ ಮೇಲೆ ನಾಲ್ಕು ಸುತ್ತು ನಡೆದು ನೋಡಿ. ‘ಮೆಟ್ಟುತ್ತಾ ಮೆಟ್ಟುತ್ತಾ ಸಡಿಲವಾಗುತ್ತದೆ’ ಎಂದು ಅಂಗಡಿಯವನು ಹೇಳಿದರೆ ದೊಡ್ಡ ನಂಬರನ್ನು ಕೇಳಿ.