ಬಳಚು ಉಳಿಸುವ ನಿಯಮ ಯಾಕೆ ನಿಲ್ಲುವುದಿಲ್ಲ, ಸಭೆಗೆ ಯಾರನ್ನು ಕರೆಯಬೇಕು?

ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಬಳಚು (ಕೆಸರಿನಲ್ಲಿ ಸಿಗುವ, ತಿನ್ನುವ ಎರಡು ಚಿಪ್ಪಿನ ಜೀವಿ) ಕಡಿಮೆಯಾಗುತ್ತಿದೆ, ಸಭೆಯಲ್ಲಿ ಎಲ್ಲರೂ ಒಪ್ಪಿದ ನಿಯಮ ವಾರದೊಳಗೆ ಮುರಿಯುತ್ತದೆ, ಏನು ಮಾಡಬೇಕು ಎಂದು ಕೇಳಿದ್ದೀರಿ. ಕೊಳ್ಳುವವರನ್ನು ಬಿಟ್ಟು ಸಭೆ ಮಾಡಿದ್ದೇ ಕಾರಣ ಇರಬೇಕು ಎಂದು ನನಗನಿಸುತ್ತದೆ. ಸಣ್ಣ ಬಳಚಿಗೂ ದುಡ್ಡು ಸಿಗುವ ತನಕ, ನೀವು ಬಿಟ್ಟದ್ದನ್ನು ನಾಳೆ ಆಚೆ ದಡದವರು ಹೆಕ್ಕುತ್ತಾರೆ.

ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರನ್ನು ನೋಡಿ. 1980ರ ದಶಕದಲ್ಲಿ ಅಲ್ಲಿಂದ ಬಳಚಿನ ರಫ್ತು ಶುರುವಾಯಿತು. 1991ರ ಸುಮಾರಿಗೆ 10,000 ಟನ್ ಮುಟ್ಟಿದ್ದ ಇಳುವರಿ 1993ಕ್ಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಆಮೇಲೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಿಷೇಧ ಬಂತು, ಬಲೆಯ ಕಣ್ಣು 30 ಮಿ.ಮೀ. ಎಂದಾಯಿತು, ರಫ್ತಿನ ಮಾಂಸದಲ್ಲಿ ಕಿಲೋಗೆ 1,400 ಬಳಚಿಗಿಂತ ಹೆಚ್ಚು ಕೂರಬಾರದು ಎಂದಾಯಿತು. ಈ ಕೊನೆಯದೇ ಮುಖ್ಯ. ನೀರಿನಲ್ಲಿ ಕಾವಲು ಬೇಡ, ಖರೀದಿದಾರರ ತಕ್ಕಡಿಯೇ ಸಾಕು: 100 ಗ್ರಾಂ ಮಾಂಸ ತೂಗಿ ಎಣಿಸಿ, 140 ದಾಟಿದರೆ ಸಣ್ಣದು. ಮೀನುಗಾರರು, ರಫ್ತುದಾರರು, ವಿಜ್ಞಾನಿಗಳು, ಅಧಿಕಾರಿಗಳು ಒಂದೇ ಸಮಿತಿಯಲ್ಲಿ ಕೂತರು. 2014ರಲ್ಲಿ ಅಲ್ಲಿನ ಬಳಚಿಗೆ ಸಂತತಿ ಉಳಿಯುವಂತೆ ಮೀನು ಹಿಡಿಯುವವರಿಗೆ ಪ್ರಮಾಣಪತ್ರ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ಸಿಕ್ಕಿತು. ಭಾರತದಲ್ಲಿ ಅದೇ ಮೊದಲು.

ನಿಮ್ಮಲ್ಲಿ ಸಭೆಗಿಂತ ಮೊದಲು ಲೆಕ್ಕ ಬೇಕು. ಮೂರು ತಿಂಗಳು, ವಾರಕ್ಕೊಮ್ಮೆ, ಬಳಚು ದಡಕ್ಕೆ ಬರುವ ಎರಡು ಮೂರು ಕಡೆ ಒಂದೊಂದು ಕಿಲೋ ತೂಗಿ, ಎಷ್ಟು ಕೂರುತ್ತವೆ ಎಂದು ಹೆಕ್ಕುವವರೇ ಬರೆದಿಡಲಿ. ಹೊರಗಿನವರು ತಂದ ಲೆಕ್ಕವನ್ನು ಜಗಳದ ಹೊತ್ತಿಗೆ ಯಾರೂ ನಂಬುವುದಿಲ್ಲ.

ಮೊದಲ ಮಾತುಕತೆ ಬೇರೆ ಬೇರೆಯಾಗಿ ನಡೆಯಲಿ: ಇಳಿತದಲ್ಲಿ ಕಾಲ್ನಡಿಗೆಯಲ್ಲಿ ಹೆಕ್ಕುವ ಹೆಂಗಸರು, ದೋಣಿಯಿಂದ ಮುಳುಗು ಹಾಕುವವರು, ವ್ಯಾಪಾರಿಗಳು. ಮುಂಗಡ ಕೊಟ್ಟ ವ್ಯಾಪಾರಿಯ ಎದುರು ಸಾಲ ಹೊತ್ತವರು ಬಾಯಿ ಬಿಡುವುದಿಲ್ಲ. ಎಲ್ಲರನ್ನೂ ಮೊದಲ ದಿನವೇ ಒಟ್ಟಿಗೆ ಕೂರಿಸಿದರೆ ಸಿಗುವುದು ಬರೀ ಸಹಿ. ಎರಡೂ ದಡದ ಊರುಗಳನ್ನು ಕರೆಯಿರಿ. ದಿನ ಗೊತ್ತುಮಾಡುವಾಗ ಪಂಚಾಂಗ ನೋಡಿ: ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಇಳಿತ ದೊಡ್ಡದು, ಆ ದಿನಗಳ ದುಡಿಮೆ ಬಿಟ್ಟು ಯಾರೂ ಬರಲಾರರು. ಅಷ್ಟಮಿಯ ಸುಮಾರಿಗೆ ಇಟ್ಟುಕೊಳ್ಳಿ.

ಅಷ್ಟಮುಡಿಯ ತಿಂಗಳುಗಳನ್ನು ಹಾಗೇ ನಕಲು ಮಾಡಬೇಡಿ. ಬಳಚು ಮೊಟ್ಟೆಯಿಡುವ ಕಾಲ ನೀರಿನ ಉಪ್ಪಿನಂಶಕ್ಕೆ ತಕ್ಕಂತೆ ಬದಲಾಗುತ್ತದೆ, ಜಾತಿಯಿಂದ ಜಾತಿಗೂ ಬೇರೆ. ಪ್ರತಿ ತಿಂಗಳು ಒಂದಷ್ಟು ಬಳಚನ್ನು ಕಾರವಾರದಲ್ಲಿರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಕ್ಕೋ ಮಂಗಳೂರಿನ ಮೀನುಗಾರಿಕಾ ಕಾಲೇಜಿಗೋ ತೋರಿಸಿ, ಮೊಟ್ಟೆ ಬಲಿತಿರುವ ತಿಂಗಳುಗಳನ್ನು ಗುರುತಿಸಿಕೊಳ್ಳಿ. ಆ ತಿಂಗಳುಗಳಲ್ಲಿ ಹೆಕ್ಕುವ ಮನೆಗಳ ಖರ್ಚು ಹೇಗೆ ಎಂಬುದು ನಿಷೇಧದ ದಿನಾಂಕಕ್ಕಿಂತ ಮೊದಲು ಚರ್ಚೆಯಾಗಲಿ. ಅಷ್ಟು ಕಾಲ ಮುಂಗಡದ ವಸೂಲಿ ನಿಲ್ಲಿಸಲು ವ್ಯಾಪಾರಿಗಳು ಒಪ್ಪುತ್ತಾರಾ ಎಂದು ಅಲ್ಲೇ ಕೇಳಿ, ನಡಾವಳಿಯಲ್ಲಿ ಬರೆಸಿ, ಎಲ್ಲರೆದುರು ಓದಿ ಹೇಳಿ.