ಕಾಲಾಗಿನ ರಾಡ್ ತಗಿಸ್ಬೇಕೇನ್ರಿ?

ಪ್ರಶ್ನೆ: ಡಾಕ್ಟ್ರೇ, ಎರಡು ವರ್ಷದ ಹಿಂದ ನಮ್ಮ ಮನಿಯವ್ರು ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದು ಮೊಣಕಾಲ ಕೆಳಗಿನ ಎಲುಬು ಮುರ್ಕೊಂಡಿದ್ರು, ಆಪರೇಷನ್ ಮಾಡಿ ಟೈಟಾನಿಯಂ ರಾಡ್ ಹಾಕ್ಯಾರ. ಎಲುಬು ಕೂಡೇತಿ, ಹೊಲಕ್ಕ ಹೋಗ್ತಾರ, ಆದ್ರ ಮೊಣಕಾಲೂರಿ ಕುಂತ್ರ ಮುಂದ ನೋವು ಬರ್ತೈತಿ. ಲೋಹ ಮೈಯಾಗಿದ್ರ ಜಂಗು ಹಿಡೀತೈತಿ, ರಕ್ತ ಕೆಡ್ತೈತಿ, ತಗಿಸಿಬಿಡ್ರಿ ಅಂತಾರ ನಮ್ಮ ಅತ್ತಿ. ಏನ್ ಮಾಡೂಣ್ರಿ?
– ಒಬ್ಬ ಓದುಗರು, ಸಿಂಧನೂರು

ಉತ್ತರ: ಅವಸರ ಮಾಡಬ್ಯಾಡ್ರಿ ಅಕ್ಕಾರ. ನಿಮ್ಮ ಅತ್ತಿಯವ್ರ ಹೆದರಿಕೆಗೂ ಕಾರಣ ಐತಿ, ನೂರು ವರ್ಷದ ಹಿಂದ ಹಾಕ್ತಿದ್ದ ಉಕ್ಕಿನ ಪ್ಲೇಟು ಮೈಯಾಗಿನ ಉಪ್ಪುನೀರಿಗೆ ಖರೇನ ಕೆಡ್ತಿದ್ವು. ಈಗಿನ ಟೈಟಾನಿಯಂ ಮ್ಯಾಲ ಅದರದ್ದ ಆಕ್ಸೈಡಿನ ಭಾಳ ತೆಳು ಪದರ ಇರ್ತೈತಿ, ಗೀರು ಬಿದ್ರೂ ಅದು ತಾನ ಮತ್ತ ಕಟ್ಕೊಂತೈತಿ, ಅದಕ್ಕ ಜಂಗಿನ ಚಿಂತಿ ಬಿಡ್ರಿ, ರಕ್ತಾನೂ ಕೆಡಂಗಿಲ್ಲ.

ಮೈ ಏನ್ ಮಾಡ್ತೈತಿ ಅಂದ್ರ, ರಾಡ್ ಒಳಗ ಹೋದ ಕೂಡ್ಲೇ ರಕ್ತದಾಗಿನ ಪ್ರೋಟೀನು ಅದಕ್ಕ ಅಂಟ್ಕೊಂತಾವ, ಹಿಂದ ಮ್ಯಾಕ್ರೋಫೇಜ್ ಅನ್ನೋ ಕಣಗಳು ಬಂದು ಇದನ್ನ ನುಂಗಾಕ ನೋಡ್ತಾವ, ಲೋಹ ನುಂಗಾಕ ಆಗ್ತೈತೇನ್ರಿ, ಆಗಂಗಿಲ್ಲ, ಅವಾಗ ಸುತ್ತ ನಾರಿನಂಥ ಪೊರೆ ಕಟ್ಟಿ ಅದನ್ನ ಬ್ಯಾರೆ ಇಟ್ಟುಬಿಡ್ತೈತಿ ಮೈ. ಸ್ಟೀಲಿನ ಸುತ್ತ ಈ ಪೊರೆ ಜಾಸ್ತಿ. ಟೈಟಾನಿಯಂ ಆದ್ರ ಎಲುಬು ನೇರ ಬಂದು ಅದಕ್ಕ ಹತ್ಕೊಂತೈತಿ. ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನೋ ವಿಜ್ಞಾನಿ 1950ರ ದಶಕದಾಗ ಮೊಲದ ಎಲುಬಿನೊಳಗ ರಕ್ತ ಹ್ಯಾಂಗ ಹರೀತೈತಿ ನೋಡಾಕಂತ ಟೈಟಾನಿಯಂ ಕೊಳವಿ ಇಟ್ಟಿದ್ರು, ಕೆಲಸ ಮುಗದ ಮ್ಯಾಲ ಕೀಳಾಕ ಹೋದ್ರ ಬರಲೇ ಇಲ್ಲ, ಎಲುಬು ಅಷ್ಟು ಗಟ್ಟಿ ಹಿಡದಿತ್ತು! ಇವತ್ತಿನ ಹಲ್ಲಿನ ಇಂಪ್ಲಾಂಟ್ ಬಂದಿದ್ದೂ ಇದರಿಂದನ. ನಿಮಗ ಇದನ್ನ ಯಾಕ ಹೇಳ್ತೀನಿ ಅಂದ್ರ, ಹಿಂಗ ಹತ್ಕೊಂಡ ಟೈಟಾನಿಯಂ ರಾಡ್, ಸ್ಕ್ರೂ ತಗಿಯೋದು ಕೆಲವು ಸಲ ಹಾಕೋದಕ್ಕಿಂತ ಕಷ್ಟ ಆಗ್ತೈತಿ.

ಇದೆಲ್ಲಾ ರಾಡ್ ಅಲುಗಾಡದಿದ್ರ ಮಾತ್ರ. ಒಂದೆರಡು ಕೂದಲೆಳೆಯಷ್ಟು ಸತತ ಅಲುಗಾಡಿದ್ರೂ ಲೋಹದ ಸುತ್ತ ಎಲುಬಿನ ಬದ್ಲು ಮೆತ್ತಗಿನ ನಾರು ಬೆಳೀತೈತಿ, ಸ್ಕ್ರೂ ಸಡ್ಲಾಗ್ತಾವ. ಅದಕ್ಕಿಂತ ನನಗ ದೊಡ್ಡ ಚಿಂತಿ ಸೋಂಕಿಂದು. ಬ್ಯಾಕ್ಟೀರಿಯಾ ಲೋಹದ ಮ್ಯಾಲ ಕುಂತು ಲೋಳಿಯಂಥ ಪದರ ಕಟ್ಕೊಂಡ್ರ ಗುಳಿಗಿ, ಇಂಜೆಕ್ಷನ್ ಅದರೊಳಗ ಸರಿಯಾಗಿ ಹೊಕ್ಕಂಗಿಲ್ಲ, ಒಳಗ ವರ್ಷಗಟ್ಲೆ ಕುಂತಿದ್ದು ಆಮ್ಯಾಲ ಕೀವು ಬರಬಹುದು. ಸಕ್ರಿ ಕಾಯಿಲಿ ಇದ್ದೋರಿಗೆ, ಬೀಡಿ ಸಿಗರೇಟ್ ಸೇದೋರಿಗೆ ಇದರ ಅಪಾಯ ಹೆಚ್ಚು. ಅದಕ್ಕ ಗಾಯದ ಜಾಗ ಕೆಂಪಾದ್ರ, ಬಿಸಿ ಆದ್ರ, ನೀರು ಸೋರಿದ್ರ, ರಾತ್ರಿ ಸುಮ್ಮನ ಮಲಗಿದಾಗೂ ನೋವಿದ್ರ ಅವತ್ತ ಹೋಗ್ರಿ. ಮ್ಯಾಲ ಸೊಪ್ಪಿನ ಪಟ್ಟು ಕಟ್ಟಿ ದಿನ ದೂಡೋದು ಮಾತ್ರ ಬ್ಯಾಡ್ರಿ, ಕೈಮುಗಿದು ಹೇಳ್ತೀನಿ.

ಇನ್ನ ಅಲರ್ಜಿ. ಸ್ಟೀಲಿನಾಗ ನಿಕಲ್ ಇರ್ತೈತಿ, ನಕಲಿ ಓಲಿ ಹಾಕಿದ್ರ ಕಿವಿ ತುರಿಸೋರು ಆಪರೇಷನ್ನಿಗೆ ಮೊದ್ಲ ಡಾಕ್ಟ್ರಿಗೆ ಹೇಳ್ಬೇಕು. ನಿಮ್ಮ ಮನಿಯವ್ರದ್ದು ಟೈಟಾನಿಯಂ, ಆ ಮಾತಿಲ್ಲ.

ಮೊಣಕಾಲ ಮುಂದಿನ ನೋವು ಈ ರಾಡ್ ಹಾಕಿಸ್ಕೊಂಡ ಭಾಳ ಮಂದಿಗೆ ಬರ್ತೈತಿ, ಯಾಕಂದ್ರ ರಾಡ್ ಹಾಕೋದು ಸಾಮಾನ್ಯವಾಗಿ ಅಲ್ಲಿಂದನ. ರಾಡಿನ ತುದಿ ಎಲುಬಿನ ಹೊರಗ ಚಾಚಿದ್ರ ತಗಿಸಿದ ಮ್ಯಾಲ ಆರಾಮ ಅನಿಸಬಹುದು, ಒಳಗ ಕುಂತಿದ್ರ ತಗಿಸಿದ್ರೂ ನೋವು ಹೋಗ್ತೈತಿ ಅಂತ ಗ್ಯಾರಂಟಿ ಇಲ್ಲ. ತಗಿಸಿದ್ರ ಸ್ಕ್ರೂ ಇದ್ದ ತೂತು ತುಂಬಾಕ ತಿಂಗಳುಗಟ್ಲೆ ಬೇಕು, ಅಲ್ಲಿಮಟ ಭಾರ ಹೊರೋದು, ಗದ್ದ್ಯಾಗ ಜಾರೋ ಬದುವಿನ ಮ್ಯಾಲ ಓಡಾಡೋದು ಬ್ಯಾಡ, ಮತ್ತ ಮುರಿಯೋ ಸಾಧ್ಯತೆ ಇರ್ತೈತಿ. ನಾಟಿ, ಕೊಯ್ಲಿನ ಟೈಮಿಗಂತೂ ತಗಿಸೋ ಆಪರೇಷನ್ ಇಟ್ಕೋಬ್ಯಾಡ್ರಿ.

ಮೊದ್ಲು ಒಂದು ಹೊಸ ಎಕ್ಸ್‌ರೇ ತಗಿಸಿ, ಆಪರೇಷನ್ ಮಾಡಿದ ಡಾಕ್ಟ್ರಿಗೋ ರಾಯಚೂರು ರಿಮ್ಸ್‌ನಾಗ ಎಲುಬಿನ ಡಾಕ್ಟ್ರಿಗೋ ತೋರಿಸ್ರಿ, ತುದಿ ಹೊರಗ ಐತೇನು ಅಂತ ನೀವ ಬಾಯಿಬಿಟ್ಟು ಕೇಳ್ರಿ. ಡಿಸ್ಚಾರ್ಜ್ ಕಾಗದ, ರಾಡಿನ ಸ್ಟಿಕ್ಕರ್ ಇದ್ರ ಅದನ್ನೂ ಒಯ್ರಿ, ಒಂದೊಂದು ಕಂಪನಿ ರಾಡಿಗೆ ತಗಿಯೋ ಸಾಮಾನು ಬ್ಯಾರೆ ಬ್ಯಾರೆ ಇರ್ತಾವ.